ಹೊರಟ ಊರು

ಹೆಸರು ಆಮೇಲೆ. ಮೊದಲು ಕೇಳುವುದು ಇದನ್ನೇ:
ಎಲ್ಲಿಂದ ಹೊರಟಿರಿ?
ಮೂವತ್ತೆರಡು ವರ್ಷ ಈ ಮೇಜಿನ ಹಿಂದೆ ಕೂತು
ನೇರಳೆ ಶಾಯಿಯ ಮೊಹರು ಒತ್ತಿದ್ದೇನೆ,
ಬೊಬ್ಬೆ ಒಡೆದ ಪಾದಗಳಿಗೆ ಉಪ್ಪುನೀರು ಇಟ್ಟಿದ್ದೇನೆ,
ದಪ್ಪ ಪುಸ್ತಕದ ಎರಡನೆಯ ಕಾಲಂನಲ್ಲಿ ಬರೆದಿದ್ದೇನೆ:
ರೊನ್ಸೆಸ್ವಾಯೆಸ್, ಬುರ್ಗೋಸ್, ಲ ಪ್ವಿ,
ಒಮ್ಮೆ ಕ್ರಾಕೋವ್.
ಕ್ರಾಕೋವಿನವನ ಚಪ್ಪಲಿಗೆ ಸೈಕಲ್ ಟೈರಿನ ಅಟ್ಟೆ.

ಈಗ ನನ್ನ ಸರದಿ.
ಅರವತ್ತೇಳು. ಒಂದು ಮಂಡಿ ಮಾತು ಕೇಳುತ್ತದೆ,
ಇನ್ನೊಂದು ಕೇಳುವುದಿಲ್ಲ.
ಸಾಂತಿಯಾಗೊಗೆ ನಡೆದು ಹೋಗುತ್ತೇನೆ ಅಂದೆ ನಿನ್ನೆ ಸಂಜೆ,
ಬೆಳ್ಳುಳ್ಳಿ ಸುಲಿಯುತ್ತ, ಸುಮ್ಮನೆ.
ಅಡುಗೆಮನೆ ಪಂಚಾಯ್ತಿಕಟ್ಟೆಯಾಯಿತು.

ಪಾದ್ರಿ ದೋನ್ ಸಾತುರ್ನಿನೊ ಅಂದರು:
ಪರ್ವತದ ಆಚೆಯಿಂದ ಶುರುಮಾಡು. ಯಾತ್ರೆಯೆಂದರೆ
ಮೊದಲ ದಿನವೇ ಉಸಿರು ಕಿತ್ತು ಬರಬೇಕು.
ಅವರು ಹೋಗಿಬಂದದ್ದು ಬಸ್ಸಿನಲ್ಲಿ.
ಅಕ್ಕನ ಮಗ ಎಲಾದಿಯೊ, ಫೋನಿನಿಂದ ಕಣ್ಣೆತ್ತದೆ:
ಸಾರಿಯಾದಿಂದ ಸಾಕು ಚಿಕ್ಕಮ್ಮ, ನೂರು ಕಿಲೋಮೀಟರ್ ನಡೆದರೆ
ಸರ್ಟಿಫಿಕೇಟು ಕೊಡುತ್ತಾರೆ. ಅದೇ ಲ್ಯಾಟಿನ್, ಅದೇ ಕಾಗದ.
ರಾತ್ರಿಗೆ ತಂಗಿದ್ದ ಡಚ್ ಹೆಂಗಸು ವೀತ್ಸ್ಕೆ
ಸೂಪಿನ ಬಟ್ಟಲಿಂದ ತಲೆಯೆತ್ತಿ:
ಹಿಂದೆಲ್ಲ ಜನ ತಮ್ಮ ತಮ್ಮ ಹೊಸಿಲಿಂದ ಹೊರಡುತ್ತಿದ್ದರು.
ನಾನೂ ಹಾಗೇ. ಬಾಗಿಲಿಗೆ ಬೀಗ ಜಡಿದು
ಬೀಗದ ಕೈ ಪಕ್ಕದ ಮನೆಗೆ ಕೊಟ್ಟು.

ಹೊಸಿಲು!
ಹಳದಿ ಬಾಣ ನನ್ನ ಹೊಸಿಲ ಕಲ್ಲಿನ ಮೇಲೇ ಇದೆ,
ಪ್ರತಿ ಈಸ್ಟರಿಗೆ ಅದಕ್ಕೆ ಬಣ್ಣ ಬಳಿಯುವವಳು ನಾನೇ.
ಆದರೆ ಹಿತ್ತಲ ಗಿಡ ಮದ್ದಾಗುವುದಿಲ್ಲ ನೋಡಿ,
ಮುಂಬಾಗಿಲ ದಾರಿ ಯಾತ್ರೆಯಾಗುವುದಿಲ್ಲ.
ಅದರಲ್ಲಿ ನಾನು ಬ್ರೆಡ್ಡು ತರಲು ಹೋಗಿದ್ದೇನೆ,
ಮದುವೆಗೆ ಹೋಗಿದ್ದೇನೆ, ಗಂಡನ ಶವಪೆಟ್ಟಿಗೆಯ ಹಿಂದೆ ಹೋಗಿದ್ದೇನೆ,
ಹಗ್ಗ ಕಿತ್ತ ಹೇಸರಗತ್ತೆ ಹುಡುಕಲು
ನಡುರಾತ್ರಿ ಲಾಂದ್ರ ಹಿಡಿದು ಹೋಗಿದ್ದೇನೆ.

ಯಾರಿಗೂ ಹೇಳದ್ದು ಒಂದಿದೆ.
ಹತ್ತೊಂಬತ್ತರಲ್ಲಿ, ಒಂದು ಬೆಳಗ್ಗೆ, ಹೊರಟಿದ್ದೆ ಪಶ್ಚಿಮಕ್ಕೆ.
ಅಪ್ಪನ ಬೂಟು, ತುದಿಗೆ ಹಳೆ ಪತ್ರಿಕೆ ತುರುಕಿ,
ಅರ್ಧ ಮುದ್ದೆ ಚೀಸು, ಒಂದು ಕಂಬಳಿ.
ಹದಿನೇಳು ಕಿಲೋಮೀಟರ್.
ಗೋಧಿ, ಗೋಧಿ, ಒಂದು ಹದ್ದು, ಮತ್ತೆ ಗೋಧಿ.
ಹಳ್ಳದ ಬದಿಯ ಪಾಪ್ಲರ್ ಮರಗಳು ಎಲೆ ಮಗುಚುತ್ತಿದ್ದವು,
ಒಮ್ಮೆ ಬೆಳ್ಳಿ, ಒಮ್ಮೆ ಹಸಿರು.
ಅಲ್ಲಿ ಕೂತು ಬೂಟು ಬಿಚ್ಚಿದೆ.
ಒಲೆಯಲ್ಲಿ ಏನನ್ನೂ ಇಟ್ಟು ಬಂದಿರಲಿಲ್ಲ,
ಅಮ್ಮನಿಗೆ ಜ್ವರವಿರಲಿಲ್ಲ,
ಹಿಂದಿನಿಂದ ಯಾರೂ ಕೂಗಲಿಲ್ಲ.
ಎದ್ದಾಗ ಪಾದಗಳು ತಾವಾಗಿ ಮನೆ ಕಡೆ ತಿರುಗಿದ್ದವು.
ಯಾಕೆಂದು ಇವತ್ತಿಗೂ ಗೊತ್ತಿಲ್ಲ.
ಊಟದ ಹೊತ್ತಿಗೆ ಸರಿಯಾಗಿ ಮನೆಯಲ್ಲಿದ್ದೆ.
ಅಮ್ಮ ಕೇಳಿದಳು: ಎಲ್ಲಿಗೆ ಹೋಗಿದ್ದೆ?
ಎಲ್ಲಿಂದ ಅಂತಲ್ಲ, ಎಲ್ಲಿಗೆ.
ಮನೆಯವರು ಕೇಳುವುದು ಹಾಗೆ.

ಸರಿ. ಆ ಪಾಪ್ಲರ್ ಮರಗಳಿಂದ.
ಕಾರಿನಲ್ಲಿ ಬಿಡುತ್ತೇನೆ ಅಂದ ಎಲಾದಿಯೊ. ಬೇಡ.
ಅಲ್ಲಿತನಕ ನಡೆಯುತ್ತೇನೆ, ಅದು ಲೆಕ್ಕಕ್ಕಿಲ್ಲ, ಹಳೆ ಬಾಕಿ.
ಹದಿನೆಂಟನೆಯ ಕಿಲೋಮೀಟರಿಂದ ಎಣಿಸಿಕೊಳ್ಳಿ.
ಮರಗಳು ಇವೆಯೋ ಇಲ್ಲವೋ,
ಪ್ಲೈವುಡ್ಡಿನವರು ಸಾಲಿಗೆ ಸಾಲೇ ಕಡಿಯುತ್ತಾರೆ, ನೆಡುತ್ತಾರೆ.
ಹಳ್ಳವಾದರೂ ಇದ್ದೀತು.

ಇವತ್ತು ಐದಕ್ಕೇ ಎದ್ದೆ. ವೀತ್ಸ್ಕೆ ಆಗಲೇ ಹೋಗಿದ್ದಳು,
ಹೊದಿಕೆ ಮಡಚಿ, ಮೇಲೊಂದು ಕಿತ್ತಳೆ ಇಟ್ಟು.
ಮೇಜಿನ ಆಚೆಬದಿಯ ಕುರ್ಚಿಯಲ್ಲಿ ಕೂತೆ, ಮೊದಲ ಸಲ.
ಅದರ ಒಂದು ಕಾಲು ಗಿಡ್ಡ.
ಇಷ್ಟು ವರ್ಷ ಒಬ್ಬರೂ ಹೇಳಿರಲಿಲ್ಲ.
ಪುಸ್ತಕ ನನ್ನ ಕಡೆ ತಿರುಗಿಸಿಕೊಂಡು ಬರೆದೆ:
ಎದುವಿಹಿಸ್ ಕಾಲ್ವೊ.
ಎರಡನೆಯ ಕಾಲಂ ಖಾಲಿ ಬಿಟ್ಟೆ.
ಶಾಯಿ ಒಣಗಿತ್ತು. ಮೊಹರಿಗೆ ಬಿಸಿಯುಸಿರು ಊದಿ ಒತ್ತಿದೆ.
ಅರ್ಧವೇ ಮೂಡಿತು.